ಮನೆ ಕೊಳ್ಳುವಾಗ ಯಾವ ಕಾಗದ ಏನು ಹೇಳುತ್ತದೆ: ಮಂಗಳೂರು, ಉಡುಪಿ ಕಡೆಯವರಿಗೆ

2025ರ ಆಗಸ್ಟ್ 31ರಿಂದ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ಅದಕ್ಕೂ ಮೊದಲು, 2024ರ ಅಕ್ಟೋಬರಿನಲ್ಲಿ, ಪೇಟೆ ವ್ಯಾಪ್ತಿಯ ಆಸ್ತಿಗೆ ಇ-ಖಾತಾ (ಆನ್‌ಲೈನ್ ಆಸ್ತಿ ತೆರಿಗೆ ದಾಖಲೆ) ಇಲ್ಲದಿದ್ದರೆ ನೋಂದಣಿಯೇ ಇಲ್ಲ ಅಂತಾಯಿತು. ಅಲ್ಲಿಂದ ಈಚೆಗೆ ಮನೆ ಹುಡುಕುತ್ತಿರುವ ನೆಂಟರು, ಸ್ನೇಹಿತರು ಎಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಇಸಿ ಕ್ಲಿಯರ್ ಉಂಟು, ಇ-ಖಾತಾನೂ ಉಂಟು. ಅಡ್ವಾನ್ಸ್ ಕೊಡಬಹುದಲ್ಲ?"

ಇಸಿ ಅಂದರೆ ಜಾಗದ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ. ಇಷ್ಟು ಸಾಲುವುದಿಲ್ಲ. ಯಾಕೆ ಸಾಲುವುದಿಲ್ಲ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆ ವ್ಯವಹಾರದಲ್ಲಿ ಒಂದೊಂದು ಕಾಗದ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಎಲ್ಲಕ್ಕೂ ಉತ್ತರ ಕೊಡುವ ಕಾಗದ ಅಂತ ಒಂದು ಇಲ್ಲವೇ ಇಲ್ಲ. ಮಾರುವವರು ನಿಜವಾಗಿಯೂ ಒಡೆಯರಾ? ಈ ಜಾಗದಲ್ಲಿ ಮನೆ ಇರುವುದಕ್ಕೆ ಕಾನೂನಿನ ಒಪ್ಪಿಗೆ ಇದೆಯಾ? ಇದರ ಮೇಲೆ ಬೇರೆಯವರ ಸಾಲ, ಹಕ್ಕು ಏನಾದರೂ ಕೂತಿದೆಯಾ? ಈ ಮೂರನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು.

ಒಡೆತನ ಅಂದರೆ ಹೂವಿನ ಚೆಂಡು

ಶಂಕರಪುರ ಮಲ್ಲಿಗೆಯ ಚೆಂಡು ನೋಡಿದ್ದೀರಲ್ಲ? ಬಾಳೆನಾರಿನಲ್ಲಿ ಒಂದಕ್ಕೊಂದು ತಾಗಿಸಿ ಕಟ್ಟಿರುತ್ತಾರೆ. ಮಧ್ಯದಲ್ಲಿ ಒಂದು ಗಂಟು ಬಿಟ್ಟರೆ ಅಲ್ಲಿಂದಾಚೆಯ ಹೂವೆಲ್ಲ ಕಳಚಿಕೊಳ್ಳುತ್ತವೆ. ಒಡೆತನವೂ ಹಾಗೇ. ಇವತ್ತು ಮಾರುವವರಿಗೆ ಜಾಗ ಎಲ್ಲಿಂದ ಬಂತು, ಅವರಿಗೆ ಕೊಟ್ಟವರಿಗೆ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗುತ್ತಾ ಪ್ರತಿ ಗಂಟಿಗೂ ಒಂದು ಕಾಗದ ಸಿಗಬೇಕು. ಕೊಂಡಿದ್ದರೆ ಕ್ರಯಪತ್ರ. ಮನೆಯವರು ಹಂಚಿಕೊಂಡಿದ್ದರೆ ಪಾಲುಪಟ್ಟಿ. ಒಬ್ಬರು ತಮ್ಮ ಪಾಲು ಬಿಟ್ಟುಕೊಟ್ಟಿದ್ದರೆ ಹಕ್ಕುಖುಲಾಸೆ. ಸತ್ತವರು ಬರೆದಿಟ್ಟಿದ್ದರೆ ವೀಲುನಾಮೆ. ಇವೆಲ್ಲ ಸೇರಿ 'ಮೂಲ ಪತ್ರ'ಗಳು. ವಕೀಲರು ಸಾಮಾನ್ಯವಾಗಿ ಕನಿಷ್ಠ 30 ವರ್ಷ ಹಿಂದಕ್ಕೆ ನೋಡುತ್ತಾರೆ. ನಮ್ಮ ಕಡೆ ಅಷ್ಟಕ್ಕೆ ನಿಲ್ಲಿಸಿದರೆ ಕಡಿಮೆಯಾಯಿತು ಅನ್ನುವುದು ನನ್ನ ಅನುಭವ.

ಆರ್‌ಟಿಸಿ, ಅಂದರೆ ಪಹಣಿ, ಒಡೆತನದ ಪತ್ರ ಅಲ್ಲ. ಇ-ಖಾತಾ ಕೂಡ ಅಲ್ಲ. ಪಹಣಿ ಕಂದಾಯ ಇಲಾಖೆಯ ದಾಖಲೆ, ಖಾತಾ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅಂತ ಪಾಲಿಕೆ ಇಟ್ಟುಕೊಂಡ ದಾಖಲೆ. ಎರಡೂ ಬೇಕೇ ಬೇಕು. ಆದರೆ ಮೂಲ ಪತ್ರದಲ್ಲಿ ಗಂಟು ಬಿಟ್ಟಿದ್ದರೆ ಇವು ಅದನ್ನು ಕಟ್ಟಿಕೊಡುವುದಿಲ್ಲ.

ನಮ್ಮೂರಿನ ಹಳೆಯ ಗಂಟುಗಳು

ಕರಾವಳಿಯ ಜಾಗದ ಕಥೆ ಬಯಲುಸೀಮೆಯ ಹಾಗಲ್ಲ. 1956ರ ತನಕ ನಾವು ಮದ್ರಾಸಿಗೆ ಸೇರಿದವರು, ಭೂಮಿಯ ಪದ್ಧತಿ ಬೇರೆ, ಮಾತೂ ಬೇರೆ. ಹಾಗಾಗಿ ಇಲ್ಲಿ ಜಾಸ್ತಿ ಹೊತ್ತು ನಿಲ್ಲಲೇಬೇಕು.

ಮೊದಲು ಕುಮ್ಕಿ. "ವರ್ಗ 10 ಸೆಂಟ್ಸ್, ಪಕ್ಕದ 15 ಸೆಂಟ್ಸ್ ಕುಮ್ಕಿ, ಅದೂ ನಿಮಗೇ" ಅಂತ ಹೇಳುವವರು ಸಿಗುತ್ತಾರೆ. ವರ್ಗ ಅಂದರೆ ತೀರ್ವೆ ಕಟ್ಟುವ ಪಟ್ಟಾ ಜಾಗ, ಅದನ್ನು ಕೊಳ್ಳಬಹುದು. ಕುಮ್ಕಿ ಅಂದರೆ ವರ್ಗಕ್ಕೆ ತಾಗಿಕೊಂಡಿರುವ ಸರ್ಕಾರಿ ಜಾಗ. ಕೃಷಿಗೆ ಬೇಕಾದ ಸೊಪ್ಪು, ಸೌದೆ ತೆಗೆಯುವ ಸೌಲಭ್ಯ ಮಾತ್ರ ವರ್ಗದಾರರಿಗೆ ಇತ್ತು. ಒಡೆತನ ಸರ್ಕಾರದ್ದು. ಹಾಗಾಗಿ ಬೆಲೆ ಮಾತಾಡುವಾಗ 10 ಸೆಂಟ್ಸಿಗೆ ಮಾತ್ರ ಮಾತಾಡಿ. ಆವರಣದ ಗೋಡೆ 25 ಸೆಂಟ್ಸನ್ನು ಸುತ್ತಿಕೊಂಡಿದ್ದರೂ ಅಷ್ಟೇ.

ಆಮೇಲೆ ಮೂಲಗೇಣಿ. ಮಂಗಳೂರು ಪೇಟೆಯ ಹಳೆಯ ಜಾಗಗಳಲ್ಲಿ ಇದು ಇವತ್ತಿಗೂ ಎದುರಾಗುತ್ತದೆ. ಮೂಲಗೇಣಿ ಅಂದರೆ ಶಾಶ್ವತ ಗೇಣಿ. ಗೇಣಿದಾರರ ಮಕ್ಕಳು ಮೊಮ್ಮಕ್ಕಳಿಗೂ ಹಕ್ಕು ಇಳಿದುಬರುತ್ತದೆ, ಆದರೆ ಭೂಮಿಯ ಮೂಲ ಒಡೆಯ ಬೇರೆಯೇ ಇರುತ್ತಾನೆ. ಇಂಥ ಗೇಣಿದಾರರಿಗೆ ಒಡೆತನ ಕೊಡಬೇಕೆಂದು 2011ರ ಹೆಸರಿನಲ್ಲಿ ಒಂದು ಕಾಯ್ದೆಯೂ ಬಂತು. ನೀವು ಕೊಳ್ಳುತ್ತಿರುವುದು ಮೂಲಗೇಣಿ ಹಕ್ಕೋ ಪೂರ್ತಿ ಒಡೆತನವೋ ಅಂತ ಕ್ರಯಪತ್ರದ ಕರಡಿನಲ್ಲೇ ಸ್ಪಷ್ಟ ಇರಬೇಕು. ಬ್ಯಾಂಕಿನವರು ಮೊದಲು ಕೇಳುವುದೂ ಇದನ್ನೇ.

'ಡಿಕ್ಲರೇಷನ್ ಆದ ಜಾಗ' ಅನ್ನುವ ಮಾತೂ ಕೇಳಿರುತ್ತೀರಿ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದಾಗ ಗೇಣಿಗೆ ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂನ್ಯಾಯಮಂಡಳಿ ಅವರಿಗೆ ಅಧಿಭೋಗದ ಹಕ್ಕು, ಅಂದರೆ ಉಳುತ್ತಿದ್ದ ಜಾಗವನ್ನು ತಮ್ಮದಾಗಿಸಿಕೊಳ್ಳುವ ಹಕ್ಕು, ಕೊಟ್ಟಿತು. ಅಂಥ ಜಾಗಕ್ಕೆ ಮಂಡಳಿಯ ಆದೇಶ ಮತ್ತು ನಮೂನೆ 10ರ (ಆ ಹಕ್ಕಿನ ಪ್ರಮಾಣಪತ್ರ) ಪ್ರತಿ ಕೇಳಿ ಪಡೆಯಿರಿ. ದರ್ಖಾಸ್ತು (ಅರ್ಜಿ ಹಾಕಿ ಸರ್ಕಾರದಿಂದ ಪಡೆದದ್ದು), ಅಕ್ರಮ-ಸಕ್ರಮದಲ್ಲಿ (ಸರ್ಕಾರಿ ಜಾಗದ ಸಾಗುವಳಿಯನ್ನು ಸಕ್ರಮ ಮಾಡಿದ್ದು) ಸಿಕ್ಕಿದ ಜಾಗವಾದರೆ ಮಂಜೂರಾತಿ ಆದೇಶದ ಶರತ್ತು ಓದಿ, ಇಂತಿಷ್ಟು ವರ್ಷ ಮಾರಬಾರದು ಅಂತ ಅದರಲ್ಲೇ ಬರೆದಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ 1978ರ ಕಾಯ್ದೆಯ ಪ್ರಕಾರ ಆ ಮಾರಾಟವೇ ಊರ್ಜಿತವಲ್ಲ. ಅದು ಅವರ ರಕ್ಷಣೆಗೆ ಇರುವ ಕಾನೂನು, ಎಷ್ಟು ಕೈ ಬದಲಾಗಿದ್ದರೂ ಪ್ರಶ್ನೆ ಏಳಬಹುದು.

ಇನ್ನು ಅಳಿಯಸಂತಾನ. ಈ ಪದ್ಧತಿಯ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಯಜಮಾನ ನೋಡಿಕೊಳ್ಳುತ್ತಿದ್ದ, ಆದರೆ ಹಕ್ಕು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಸ್ಥಿತಿ ಬದಲಾಯಿತು. ಆದರೂ ಪಾಲಾಗದೆ ಉಳಿದ ಹಳೆಯ ಕುಟುಂಬದ ಆಸ್ತಿಯಲ್ಲಿ ಯಾರಿಗೆ ಎಷ್ಟು ಅಂತ ನೋಡಬೇಕಾದರೆ ವಕೀಲರು ಆ 'ಕವರು'ಗಳ ಲೆಕ್ಕಕ್ಕೇ ಹೋಗಬೇಕಾಗುತ್ತದೆ. ಕವರು ಅಂದರೆ ಒಬ್ಬ ಹೆಣ್ಣುಮಗಳಿಂದ ಹೊರಟ ಕವಲು. ಮಕ್ಕಳಸಂತಾನದ, ಅಂದರೆ ಆಸ್ತಿ ತಂದೆಯಿಂದ ಮಕ್ಕಳಿಗೆ ಇಳಿಯುವ, ಹಿಂದೂ ಕುಟುಂಬಗಳಲ್ಲಿ ಹೆಣ್ಣುಮಕ್ಕಳ ಪಾಲನ್ನು 2005ರ ತಿದ್ದುಪಡಿ ಗಟ್ಟಿ ಮಾಡಿದೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು. ಅಂದರೆ ಯಾರೆಲ್ಲ ಸಹಿ ಹಾಕಬೇಕು ಅನ್ನುವುದು ಮಾರುವವರ ಮನೆತನ ನೋಡಿಯೇ ತೀರ್ಮಾನ ಆಗುತ್ತದೆ.

ನಮಗೇ ಆದದ್ದು ಹೇಳುತ್ತೇನೆ. ಪರ್ಕಳದ ಹತ್ತಿರ 6 ಸೆಂಟ್ಸಿನಲ್ಲಿ ಒಂದು ಹಂಚಿನ ಮನೆ ನೋಡಿದ್ದೆವು. ಕೆಂಪು ಕಾವಿಯ ನೆಲ, ಹಿಂದೆ ಬಾವಿ, ಬಾವಿಗೆ ಬಾಗಿಕೊಂಡ ಹಲಸಿನ ಮರ. ನನ್ನ ಹೆಂಡತಿ ಜಗಲಿಯಲ್ಲಿ ಕೂತವಳು ಎದ್ದಿರಲಿಲ್ಲ. ಇಸಿ ಸರಿ ಇತ್ತು, ತೆರಿಗೆ ಕಟ್ಟಿತ್ತು, ನಾಳೆಯೇ 2 ಲಕ್ಷ ಕೊಡಿ, ಬೇರೆ ಪಾರ್ಟಿ ಕಾಯುತ್ತಿದ್ದಾರೆ ಅಂತ ಬ್ರೋಕರ್ ಒತ್ತಾಯ. ವಕೀಲರ ಮುಂದೆ ಫೈಲ್ ಇಟ್ಟೆವು. ಅವರು 1978ರ ಪಾಲುಪಟ್ಟಿಯ ಕೊನೆಯ ಹಾಳೆ ತಿರುಗಿಸಿ, ಸಹಿಗಳ ಮೇಲೆ ಬೆರಳಿಟ್ಟು ಒಂದೊಂದೇ ಎಣಿಸಿದರು. ಮೊದಲ ಹಾಳೆಯಲ್ಲಿ ಮನೆಯವರ ಪಟ್ಟಿಯಲ್ಲಿ 7 ಹೆಸರು, ಇಲ್ಲಿ 6 ಸಹಿ. "ಈ ತಂಗಿ ಎಲ್ಲಿ?" ಅಂತ ಕೇಳಿದರು. ಮುಂಬೈಗೆ ಮದುವೆಯಾಗಿ ಹೋದವರು, ತೀರಿಕೊಂಡಿದ್ದಾರೆ, ಇಬ್ಬರು ಮಕ್ಕಳಿದ್ದಾರೆ. "ಮದುವೆಯಲ್ಲೇ ಅವಳಿಗೆ ಕೊಟ್ಟಾಗಿದೆಯಲ್ಲ ಮಾರಾಯ್ರೆ" ಅಂದರು ಮಾರುವವರು. ಅವರು ಮೋಸ ಮಾಡುತ್ತಿರಲಿಲ್ಲ, ಮನಸ್ಸಿನಲ್ಲಿ ಹಾಗೇ ನಂಬಿದ್ದರು. ಆದರೆ ಕಾನೂನಿನಲ್ಲಿ ಅಲ್ಲೊಂದು ಗಂಟು ಬಿಟ್ಟಿತ್ತು. ಆ ಇಬ್ಬರು ಮಕ್ಕಳು ಡಿಸೆಂಬರಿನಲ್ಲಿ ಕುಟುಂಬದ ಮನೆಯ ನೇಮಕ್ಕೆ ಊರಿಗೆ ಬಂದಾಗ ಹಕ್ಕುಖುಲಾಸೆ ನೋಂದಣಿ ಆಯಿತು. ಮೂರು ತಿಂಗಳು ಕಾದೆವು. ಅಡ್ವಾನ್ಸ್ ಕೊಟ್ಟದ್ದು ಆಮೇಲೆಯೇ.

ಇಸಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಸಿ ಅಂದರೆ ಋಣಭಾರ ಪ್ರಮಾಣಪತ್ರ. ಒಂದು ಜಾಗದ ಮೇಲೆ ಇಂಥ ದಿನದಿಂದ ಇಂಥ ದಿನದ ತನಕ ಯಾವ ಯಾವ ಪತ್ರ ನೋಂದಣಿ ಆಗಿದೆ ಅನ್ನುವ ಪಟ್ಟಿ ಅದು. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಕಾವೇರಿ 2.0 ಜಾಲತಾಣದಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಕಂಪ್ಯೂಟರ್ ಬರುವ ಮುಂಚಿನದ್ದಾದರೆ ಉಪನೋಂದಣಿ ಕಚೇರಿಯಲ್ಲಿ ಹಳೆಯ ಪುಸ್ತಕ ಹುಡುಕಿಸಬೇಕು.

ಗಮನಿಸಿ, ನೋಂದಣಿ ಆದದ್ದು ಮಾತ್ರ ಇದರಲ್ಲಿ ಬರುತ್ತದೆ. ವೀಲುನಾಮೆಗೆ ನೋಂದಣಿ ಕಡ್ಡಾಯ ಅಲ್ಲ. ಬರೀ ಛಾಪಾ ಕಾಗದದಲ್ಲಿ ಬರೆದುಕೊಂಡ ಕರಾರು ಕಾಣುವುದಿಲ್ಲ. ಕೋರ್ಟಿನಲ್ಲಿ ದಾವೆ ನಡೆಯುತ್ತಿದ್ದರೂ ಕಾಣದೇ ಇರಬಹುದು. ನಾನು ಹೇಳಿದ ಮುಂಬೈ ತಂಗಿಯ ಹೆಸರು ಇಸಿಯಲ್ಲಿ ಬರುವ ಸಾಧ್ಯತೆಯೇ ಇರಲಿಲ್ಲ, ಅವರು ಯಾವ ಪತ್ರಕ್ಕೂ ಸಹಿ ಹಾಕಿರಲಿಲ್ಲವಲ್ಲ. 'ಇಸಿ ಕ್ಲಿಯರ್' ಅನ್ನುವ ಮಾತಿನ ಅರ್ಥ ಇಷ್ಟೇ.

ಜಾಗ ಮನೆಗೆ ಯೋಗ್ಯವಾ?

2020ರಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದರೆ ಕೊಂಡ ಮಾತ್ರಕ್ಕೆ ಅದರಲ್ಲಿ ವಾಸದ ಮನೆ ಕಟ್ಟಿ ನಂಬ್ರ ಪಡೆಯಲು ಆಗುವುದಿಲ್ಲ. ಭೂಪರಿವರ್ತನೆ, ನಾವು 'ಕನ್ವರ್ಷನ್' ಅನ್ನುವುದು, ಆಗಿರಬೇಕು. ಅದರ ಮೇಲೆ ವಿನ್ಯಾಸಕ್ಕೆ ಅನುಮೋದನೆ: ಮಂಗಳೂರಿನಲ್ಲಿ ಮುಡಾ, ಉಡುಪಿಯಲ್ಲಿ ಅಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ. ಒಂದೇ ಮನೆಯ ಜಾಗವಾದರೂ 'ಸಿಂಗಲ್ ಲೇಔಟ್' ಒಪ್ಪಿಗೆ ಕೇಳುತ್ತಾರೆ. ಪಂಚಾಯತ್ ವ್ಯಾಪ್ತಿಯಾದರೆ "ನೈನ್ ಇಲೆವೆನ್ ಆಗಿದೆಯಾ?" ಅನ್ನುವುದು ಎಲ್ಲರ ಬಾಯಲ್ಲಿರುವ ಪ್ರಶ್ನೆ. ಅದು ಇ-ಸ್ವತ್ತುವಿನ (ಪಂಚಾಯತ್ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11. ಪೇಟೆಯಲ್ಲಿ ಅದರ ಜಾಗದಲ್ಲಿ ಇ-ಖಾತಾ ಇರುತ್ತದೆ.

ನಮ್ಮಲ್ಲಿ ಇನ್ನೆರಡು ವಿಷಯ. ಒಂದು, ಸಮುದ್ರ. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗ ಕರಾವಳಿ ನಿಯಂತ್ರಣ ವಲಯಕ್ಕೆ ಬರುತ್ತದೆ. ಉಪ್ಪುನೀರು ಏರುವ ಹೊಳೆ, ಅಳಿವೆಯ ದಡಕ್ಕೂ ನಿರ್ಬಂಧ ಇದೆ. ಪಣಂಬೂರಿನಿಂದ ಮಲ್ಪೆ ತನಕ ಕಡಲು ಕಾಣುವ ಜಾಗ ಆಸೆ ಹುಟ್ಟಿಸುತ್ತದೆ, ಅಲ್ಲಿ ಹೊಸತು ಕಟ್ಟಬಹುದಾ ಅಂತ ಬರಹದಲ್ಲೇ ಉತ್ತರ ಪಡೆಯಿರಿ.

ಇನ್ನೊಂದು, ದಾರಿ. ಗುಡ್ಡ, ತೋಟ, ಗದ್ದೆ ದಾಟಿ ಹೋಗುವ ಮನೆಗಳೇ ನಮ್ಮಲ್ಲಿ ಜಾಸ್ತಿ. ಪಕ್ಕದ ಮನೆಯವರು ಪ್ರೀತಿಯಿಂದ ಬಿಟ್ಟ ದಾರಿ ಅವರ ಮಕ್ಕಳ ಕಾಲಕ್ಕೆ ಬೇಲಿಯಾಗಬಹುದು. ದಾರಿಯ ಹಕ್ಕು, ಅಗಲ ಸಮೇತ, ಕ್ರಯಪತ್ರದ ಷೆಡ್ಯೂಲಿನಲ್ಲಿ (ಜಾಗದ ವಿವರ ಬರೆಯುವ ಭಾಗ) ಬರೆದಿರಬೇಕು. ಸರ್ವೆಯವರನ್ನು ಕರೆಸಿ ಗಡಿಕಲ್ಲು ನೋಡುವ ದಿನ ದಾರಿಯನ್ನೂ ಅಳೆಸಿ. 1 ಸೆಂಟ್ಸ್ ಅಂದರೆ 435.6 ಚದರಡಿ. ನೆಲದ ಅಳತೆಯೂ ಕಾಗದದ ಅಳತೆಯೂ ತಾಳೆ ಆಗಬೇಕು. ಜಾಗದಲ್ಲಿ ನಾಗಬನವೋ ದೈವದ ಕಟ್ಟೆಯೋ ಇದ್ದರೆ ಅಲ್ಲಿಗೆ ಯಾರೆಲ್ಲ ಬರುತ್ತಾರೆ, ಯಾವ ದಾರಿಯಲ್ಲಿ ಬರುತ್ತಾರೆ ಅಂತಲೂ ಮೊದಲೇ ಕೇಳಿ.

ಫ್ಲಾಟ್ ಆದರೆ

500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಕಟ್ಟಡವಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. 2016ರ ಈ ಕಾಯ್ದೆಯ ಪ್ರಕಾರ ನೋಂದಾಯಿತ ಕರಾರು ಮಾಡಿಕೊಳ್ಳದೆ ಬಿಲ್ಡರ್ ಬೆಲೆಯ ಶೇಕಡಾ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಬಂದ ಹಣದ ಶೇಕಡಾ 70 ಆ ಕಟ್ಟಡಕ್ಕೆಂದೇ ಇರುವ ಬೇರೆ ಖಾತೆಯಲ್ಲಿರಬೇಕು. ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಅವರೇ ಸರಿಮಾಡಿಕೊಡಬೇಕು. ನಮ್ಮ ಮಳೆಗಾಲ ನೆನೆಸಿಕೊಂಡರೆ ಇದು ಸಣ್ಣ ಮಾತಲ್ಲ.

ಅಳತೆಯಲ್ಲಿ ಕಾರ್ಪೆಟ್ ಏರಿಯಾ ಕೇಳಿ. ಮನೆಯೊಳಗೆ ನೀವು ಚಾಪೆ ಹಾಸಬಹುದಾದ ಜಾಗ ಅಂದುಕೊಳ್ಳಿ. ಸೂಪರ್ ಬಿಲ್ಟ್-ಅಪ್‌ನಲ್ಲಿ ಲಿಫ್ಟ್, ಮೆಟ್ಟಿಲು, ಮೊಗಸಾಲೆ ಎಲ್ಲ ಸೇರಿಕೊಳ್ಳುತ್ತದೆ. ಕಟ್ಟುತ್ತಿರುವ ಫ್ಲಾಟಿಗೆ ಸಾಮಾನ್ಯವಾಗಿ ಶೇಕಡಾ 5 ಜಿಎಸ್‌ಟಿ ಇದೆ, ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕಿದ ಮೇಲೆ ಕೊಂಡರೆ ಇಲ್ಲ.

ಹಣದ ಲೆಕ್ಕ

60 ಲಕ್ಷದ ಮನೆ ಅಂತ ಇಟ್ಟುಕೊಳ್ಳೋಣ, ಪೇಟೆ ವ್ಯಾಪ್ತಿಯಲ್ಲಿ. ಮುದ್ರಾಂಕ ಶುಲ್ಕ ಶೇಕಡಾ 5, ಅಂದರೆ 3,00,000. ಅದರ ಮೇಲೆ ಸೆಸ್ ಶೇಕಡಾ 10, ಅಂದರೆ 30,000. ಸರ್‌ಚಾರ್ಜ್ ಶೇಕಡಾ 2, ಅಂದರೆ 6,000. ನೋಂದಣಿ ಶುಲ್ಕ ಈಗ ಶೇಕಡಾ 2, ಅಂದರೆ 1,20,000. ಒಟ್ಟು 4,56,000 ರೂಪಾಯಿ. ಹಳೆಯ ದರದಲ್ಲಿ ಇದು 3,96,000 ಆಗುತ್ತಿತ್ತು. ಸರ್ಕಾರ ಪ್ರತಿ ಜಾಗಕ್ಕೂ ಮಾರ್ಗಸೂಚಿ ಬೆಲೆ ನಿಗದಿ ಮಾಡಿರುತ್ತದೆ. ಅದು ಮತ್ತು ನಿಮ್ಮ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಶುಲ್ಕ. ಹೊಸ ಫ್ಲಾಟಿನ ಮೊದಲ ನೋಂದಣಿ ಆಗಿದ್ದು ಬೆಲೆ 45 ಲಕ್ಷದೊಳಗಿದ್ದರೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ.

ಈಗ ಬ್ಯಾಂಕ್. ಸಾಲ 30 ಲಕ್ಷದ ತನಕ ಇದ್ದರೆ ಮನೆಯ ಬೆಲೆಯ ಶೇಕಡಾ 90ರ ವರೆಗೆ, 30ರಿಂದ 75 ಲಕ್ಷದ ತನಕ ಶೇಕಡಾ 80, ಅದಕ್ಕೂ ಮೇಲೆ ಶೇಕಡಾ 75. ಇದು ರಿಸರ್ವ್ ಬ್ಯಾಂಕಿನ ಮಿತಿ, ಬ್ಯಾಂಕ್ ಇದಕ್ಕಿಂತ ಕಡಿಮೆಯೂ ಕೊಡಬಹುದು. ನಮ್ಮ ಉದಾಹರಣೆಯಲ್ಲಿ ಗರಿಷ್ಠ 48 ಲಕ್ಷ. ನೋಂದಣಿ ಖರ್ಚನ್ನು ಈ ಲೆಕ್ಕದಲ್ಲಿ ಸೇರಿಸುವುದಿಲ್ಲ. ಹಾಗಾಗಿ ನಿಮ್ಮ ಕೈಯಲ್ಲಿ 12 ಲಕ್ಷ, ಜೊತೆಗೆ 4.56 ಲಕ್ಷ, ಒಟ್ಟು 16.56 ಲಕ್ಷ ಬೇಕು. ವಕೀಲರ ಫೀಸು, ಬ್ರೋಕರ್ ಕಮಿಷನ್ ಬೇರೆ. 12 ಲಕ್ಷ ಮಾತ್ರ ಸಾಕು ಅಂದುಕೊಂಡು ಹೊರಟವರು ಕೊನೇ ವಾರ ಚಿನ್ನ ಅಡವಿಟ್ಟದ್ದನ್ನು ನೋಡಿದ್ದೇನೆ.

48 ಲಕ್ಷಕ್ಕೆ ಶೇಕಡಾ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 41,656. ಮೊದಲ ತಿಂಗಳ ಕಂತಿನಲ್ಲಿ 34,000 ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು 7,656 ಮಾತ್ರ. ಯಾಕೆ ಹೀಗೆ? ತೂತಿರುವ ದೋಣಿಯಲ್ಲಿ ನೀರು ಮೊಗೆಯುವ ಹಾಗೆ. ಈ ತಿಂಗಳು ಒಳಗೆ ಬಂದ ನೀರನ್ನು ಮೊದಲು ಹೊರಗೆ ಚೆಲ್ಲಬೇಕು, ಮಿಕ್ಕ ಶಕ್ತಿಯಲ್ಲಿ ಮಾತ್ರ ಹಳೆಯ ನೀರು ಕಡಿಮೆಯಾಗುತ್ತದೆ. 20 ವರ್ಷಕ್ಕೆ ಕಟ್ಟುವ ಮೊತ್ತ ಹತ್ತಿರ ಹತ್ತಿರ 1 ಕೋಟಿ. ಮೊದಲ ವರ್ಷಗಳಲ್ಲಿ ಬೋನಸ್ಸೋ ಅಡಿಕೆ ಮಾರಿದ ಹಣವೋ ಬಂದಾಗ ಅಸಲಿಗೆ ಹಾಕಿದರೆ ಅದಕ್ಕೇ ಅಷ್ಟು ಫಲ. ಬದಲಾಗುವ ಬಡ್ಡಿದರದ ಮನೆ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ.

ತೆರಿಗೆ ಮುರಿದುಕೊಳ್ಳುವುದು ನಿಮ್ಮ ಕೆಲಸ ಅನ್ನುವುದು ಹಲವರಿಗೆ ಗೊತ್ತಿರುವುದಿಲ್ಲ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಶೇಕಡಾ 1 ಟಿಡಿಎಸ್ ಹಿಡಿದು, ಮಾರುವವರ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. 60 ಲಕ್ಷಕ್ಕೆ 60,000. ಮಾರುವವರು ದುಬೈ, ಕುವೈತಿನಲ್ಲಿ ನೆಲೆಸಿದ ಅನಿವಾಸಿಯಾಗಿದ್ದರೆ ಈ ನಿಯಮ ಅಲ್ಲ. ಆಗ 50 ಲಕ್ಷದ ಮಿತಿಯೂ ಇಲ್ಲ, ಹಿಡಿಯುವ ಪ್ರಮಾಣವೂ ತುಂಬಾ ಜಾಸ್ತಿ. ನಮ್ಮೂರಲ್ಲಿ ಇಂಥ ಮನೆಗಳು ಎಷ್ಟೋ ಇವೆ, ಲೆಕ್ಕಪರಿಶೋಧಕರನ್ನು ಕೇಳದೆ ಹಣ ಕಳಿಸಬೇಡಿ. ಹಿಡಿಯದೆ ಬಿಟ್ಟರೆ ಇಲಾಖೆ ಕೇಳುವುದು ನಿಮ್ಮನ್ನು. ಮತ್ತೆ, 20,000 ಮತ್ತು ಮೇಲಿನ ಅಡ್ವಾನ್ಸನ್ನು ನಗದಾಗಿ ಕೊಟ್ಟು ತೆಗೆದುಕೊಳ್ಳುವಂತಿಲ್ಲ.

ಕರಾರು, ಕ್ರಯಪತ್ರ, ಜಿಪಿಎ

ಕರಾರುಪತ್ರ ಅಂದರೆ ಮಾತು ಕೊಟ್ಟದ್ದು. ಕ್ರಯಪತ್ರ ಅಂದರೆ ಕೊಟ್ಟದ್ದು. ನಿಶ್ಚಿತಾರ್ಥಕ್ಕೂ ಮದುವೆಗೂ ಇರುವಷ್ಟು ವ್ಯತ್ಯಾಸ. ಕರಾರಿನಲ್ಲಿ ಎಷ್ಟು ಕೊಟ್ಟದ್ದು, ಯಾವ ದಿನದೊಳಗೆ ನೋಂದಣಿ, ಸಾಲ ಸಿಗದಿದ್ದರೆ ಅಡ್ವಾನ್ಸ್ ವಾಪಸ್ಸಾ ಅಂತ ಬರೆದಿರಬೇಕು. ಕೊನೆಯದ್ದನ್ನು ಬಿಟ್ಟವರೇ ಜಾಸ್ತಿ. ಬರೀ ಜಿಪಿಎ, ಅಂದರೆ ಒಬ್ಬರ ಪರವಾಗಿ ವ್ಯವಹಾರ ಮಾಡಲು ಬರೆದುಕೊಟ್ಟ ಅಧಿಕಾರಪತ್ರದ ಮೇಲೆ ಮನೆ 'ಕೊಂಡರೆ' ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟ ಹೇಳಿದೆ. ಹೊರದೇಶದಲ್ಲಿರುವವರ ಪರವಾಗಿ ಜಿಪಿಎ ಹಿಡಿದವರು ಕ್ರಯಪತ್ರಕ್ಕೆ ಸಹಿ ಹಾಕುವುದು ಬೇರೆ ವಿಷಯ, ಅದು ನಡೆಯುತ್ತದೆ. ಆದರೆ ಅಧಿಕಾರ ಕೊಟ್ಟವರು ಬದುಕಿದ್ದಾರೆ, ಅದನ್ನು ರದ್ದು ಮಾಡಿಲ್ಲ ಅಂತ ಖಾತ್ರಿ ಬೇಕು. ಆ ದಿನ ಅವರಿಗೇ ಒಂದು ವೀಡಿಯೊ ಕರೆ ಮಾಡಿ ಮಾತಾಡಿ.

ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ ಅಂತ ಸುಮ್ನೆ ಇರಬೇಡಿ. ಅವರು ನೋಡುವುದು ಬ್ಯಾಂಕಿಗೆ ತೊಂದರೆ ಆಗದ ಹಾಗೆ. ನಿಮ್ಮ ಪರವಾಗಿ ಬೇರೊಬ್ಬರು ನೋಡಲಿ.

ನೋಂದಣಿ ದಿನದ ಕೆಲಸ ಸರಳ. ಕರಡನ್ನು ಕಾವೇರಿಯಲ್ಲಿ ಮೊದಲೇ ಹಾಕಿ, ಶುಲ್ಕ ಕಟ್ಟಿ, ಸಮಯ ತೆಗೆದುಕೊಂಡು ಹೋಗುವುದು. ಫೋಟೊ, ಹೆಬ್ಬೆರಳ ಗುರುತು, ಸಾಕ್ಷಿಗಳ ಸಹಿ, ಬ್ಯಾಂಕಿನ ಡಿಡಿ ಮಾರುವವರ ಕೈಗೆ. ಹೊರಡುವ ಮುನ್ನ ಸರ್ವೆ ನಂಬ್ರ, ಹಿಸ್ಸಾ (ಸರ್ವೆ ನಂಬ್ರದ ಉಪವಿಭಾಗ), ನಾಲ್ಕು ದಿಕ್ಕಿನ ಗಡಿ, ಹೆಸರಿನ ಅಕ್ಷರ ಮತ್ತೊಮ್ಮೆ ಓದಿ. ಒಂದು ಅಂಕಿ ತಪ್ಪಿದರೂ ಆಮೇಲೆ ತಿದ್ದುಪಡಿ ಪತ್ರಕ್ಕೆ ಮಾರಿದವರನ್ನು ಮತ್ತೆ ಕರೆತರಬೇಕು.

ಕೀಲಿಕೈ ಬಂದ ಮೇಲೆ

ಖಾತಾ ನಿಮ್ಮ ಹೆಸರಿಗೆ ಆಗಬೇಕು, ಕಟ್ಟಡ ತೆರಿಗೆಯೂ ಮೆಸ್ಕಾಂ ಮೀಟರೂ ನೀರಿನ ಸಂಪರ್ಕವೂ ಹಾಗೇ. ಮೂಲ ಪತ್ರಗಳು ಬ್ಯಾಂಕಿನಲ್ಲಿ ಇರುತ್ತವೆ, ಕೊಟ್ಟದ್ದಕ್ಕೆ ಪಟ್ಟಿ ಮಾಡಿಸಿ ಸೀಲ್ ಹಾಕಿಸಿಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಅವನ್ನೆಲ್ಲ ವಾಪಸ್ ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ಮಾಡಿದೆ. ಆ ಪಟ್ಟಿಯ ಪ್ರತಿ, ಎಲ್ಲ ಪತ್ರಗಳ ದೃಢೀಕೃತ ನಕಲು ನಿಮ್ಮ ಹತ್ತಿರ ಇರಲಿ. ನಮ್ಮ ಮನೆಯಲ್ಲಿ ಆ ಫೈಲ್ ಗೋಡೆಗೆ ತಾಗದ ಕಪಾಟಿನ ಮೇಲಿನ ಅಂತಸ್ತಿನಲ್ಲಿದೆ, ಪ್ಲಾಸ್ಟಿಕ್ ಕವರಿನಲ್ಲಿ. ಆಟಿ ತಿಂಗಳಲ್ಲಿ ಬೂಸ್ಟು ಹಿಡಿಯಬಾರದು ಅಂತ ವರ್ಷಕ್ಕೊಮ್ಮೆ ತೆಗೆದು ಬಿಸಿಲು ಕಾಣಿಸುತ್ತೇವೆ. ಆಗೆಲ್ಲ ನನ್ನ ಹೆಂಡತಿ ಆ ಹಕ್ಕುಖುಲಾಸೆಯ ಹಾಳೆಯನ್ನು ಒಮ್ಮೆ ಬಿಡಿಸಿ ನೋಡಿಯೇ ಒಳಗಿಡುವುದು.